ಹೂ ನಿಲ್ಲದ ಪಾತಿ: ನೌವೂ ಊರಿನಲ್ಲಿ ಒಂದು ನಿವೃತ್ತ ದಂಪತಿಯ ತೋಟದ ಸೇವೆ

ಅಮೆರಿಕದ ಇಲಿನಾಯ್ ರಾಜ್ಯದ ಪಶ್ಚಿಮ ಅಂಚಿನಲ್ಲಿ ಮಿಸ್ಸಿಸ್ಸಿಪ್ಪಿ ನದಿ ದೊಡ್ಡದಾಗಿ ಬಳಸಿಕೊಂಡು ಹರಿಯುತ್ತದೆ. ಆ ಬಳಸಿನ ಒಳಗಿರುವ ಊರು ನೌವೂ. ಈಗ ಅಲ್ಲಿ ಸಾವಿರ ಜನವೂ ಇಲ್ಲ. ಊರಿನ ಒಂದು ಭಾಗ ಗುಡ್ಡದ ಮೇಲಿದೆ, ಇನ್ನೊಂದು ಭಾಗ ನದಿಯ ಪಕ್ಕದ ತಗ್ಗು ಬಯಲಿನಲ್ಲಿ. ಬಯಲಿಗೆ ಇಳಿದರೆ 1840ರ ದಶಕದ ಇಟ್ಟಿಗೆ ಮನೆಗಳು, ಕಮ್ಮಾರಸಾಲೆ, ಬೇಕರಿ, ತಗಡಿನ ಅಂಗಡಿ, ಔಷಧಿ ಅಂಗಡಿ ದೂರ ದೂರಕ್ಕೆ ನಿಂತಿವೆ. ನಡುವೆಲ್ಲ ಹುಲ್ಲು, ಮರ, ಮರದ ಬೇಲಿ, ಹೂವಿನ ಪಾತಿ. ಈ ಹಸಿರನ್ನು ನೋಡಿಕೊಳ್ಳುವವರಲ್ಲಿ ಕೆಲಸದಿಂದ ನಿವೃತ್ತರಾದ ಗಂಡ-ಹೆಂಡತಿ ಜೋಡಿಗಳು ಬಹಳ. ಅವರಿಗೆ ಸಂಬಳವಿಲ್ಲ. ತಮ್ಮ ಖರ್ಚು ತಾವೇ ಹಾಕಿಕೊಂಡು ಬಂದವರು.

ಅಂಥ ಒಂದು ಜೋಡಿಯ 18 ತಿಂಗಳ ಕೆಲಸದ ಪ್ರಕರಣ ಇದು. ಅದರಲ್ಲೂ ಒಂದೇ ಒಂದು ಪಾತಿಯ ವಿಷಯ ಜಾಸ್ತಿ ಬರುತ್ತದೆ. ಒಂದು ಹಳೆಯ ಜಾಗವನ್ನು ಬಂದು ಹೋಗುವವರೇ ನೋಡಿಕೊಂಡರೆ ಅದು ಹೇಗೆ ಉಳಿಯುತ್ತದೆ? ಆ ಪಾತಿಯನ್ನು ನೋಡಿದರೆ ಉತ್ತರ ಸಿಗುತ್ತದೆ ಅಂತ ನನಗನ್ನಿಸುತ್ತದೆ.

ಮೊದಲು ಆ ನೆಲದ ಕಥೆ. ಅದು ಗೊತ್ತಿಲ್ಲದೆ ಪಾತಿ ಅರ್ಥವಾಗುವುದಿಲ್ಲ.

1838ರಲ್ಲಿ ಮಿಸ್ಸೂರಿ ರಾಜ್ಯದ ಗವರ್ನರ್ ಲಿಲ್‌ಬರ್ನ್ ಬಾಗ್ಸ್, ಮಾರ್ಮನ್ ಎಂಬ ಕ್ರೈಸ್ತ ಪಂಥದವರನ್ನು ರಾಜ್ಯದಿಂದ ಓಡಿಸಬೇಕು, ಇಲ್ಲವೇ ನಿರ್ನಾಮ ಮಾಡಬೇಕು ಅಂತ ಆದೇಶ ಹೊರಡಿಸಿದ. ಸಾವಿರಾರು ಜನ ಚಳಿಗಾಲದಲ್ಲೇ ನದಿ ದಾಟಿ ಇಲಿನಾಯ್‌ಗೆ ಬಂದರು. ಅವರ ನಾಯಕ ಜೋಸೆಫ್ ಸ್ಮಿತ್ 1839ರಲ್ಲಿ ಈ ಜಾಗವನ್ನು ಆರಿಸಿಕೊಂಡ. ಆಗ ಅದರ ಹೆಸರು ಕಾಮರ್ಸ್. ಬೆರಳೆಣಿಕೆಯ ಮನೆಗಳಿದ್ದವು. ತಗ್ಗಿನ ಭಾಗವೆಲ್ಲ ಜೌಗು, ಪೊದೆ, ನಿಂತ ನೀರು. ಬಂದವರು ಮೊದಲ ಬೇಸಿಗೆಯಲ್ಲೇ ಚಳಿಜ್ವರದಲ್ಲಿ ಮಲಗಿದರು. ಎಷ್ಟೋ ಜನ ಸತ್ತರು. ಅದು ಮಲೇರಿಯಾ. ಆಗ ಅದನ್ನು ಕೆಟ್ಟ ಗಾಳಿಯಿಂದ ಬರುವ ರೋಗ ಅಂದುಕೊಂಡಿದ್ದರು. ಸೊಳ್ಳೆಯ ಕೈವಾಡ ಸಾಬೀತಾಗುವುದಕ್ಕೆ 1897ರವರೆಗೆ ಕಾಯಬೇಕಾಯಿತು. ಸಿಕಂದರಾಬಾದಿನಲ್ಲಿ ಅದನ್ನು ಕಂಡುಹಿಡಿದ ರೊನಾಲ್ಡ್ ರಾಸ್‌ಗೆ ಸೊಳ್ಳೆಗೂ ನಿಂತ ನೀರಿಗೂ ಇರುವ ನಂಟು ಮೊದಲು ಕಣ್ಣಿಗೆ ಬಿದ್ದದ್ದು 1880ರ ದಶಕದಲ್ಲಿ, ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ. ನೌವೂ ಜನಕ್ಕೆ ಇದೇನೂ ಗೊತ್ತಿರಲಿಲ್ಲ. ಆದರೂ ಅವರು ಮಾಡಿದ್ದು ಸರಿಯಾದ ಕೆಲಸವೇ: ಕಾಲುವೆ ತೋಡಿ ಜೌಗಿನ ನೀರನ್ನು ನದಿಗೆ ಹರಿಸಿದರು.

ಒಣಗಿದ ನೆಲವನ್ನು ಅಳೆದು, 4 ಎಕರೆಗೆ ಒಂದು ಬ್ಲಾಕ್, ಬ್ಲಾಕಿಗೆ 4 ನಿವೇಶನ ಅಂತ ಹಂಚಿದರು. ಅಂದರೆ ಒಂದು ಮನೆಗೆ ಒಂದು ಎಕರೆ. ಊರಿನೊಳಗೇ ಪ್ರತಿ ಮನೆಗೂ ತರಕಾರಿ ತೋಟ, ಹಣ್ಣಿನ ಗಿಡ, ಹಸು, ಕೋಳಿ ಇರಲಿ ಅನ್ನುವುದು ಉದ್ದೇಶ. ಇವತ್ತು ಆ ಮನೆಗಳು ದೂರ ದೂರ ಕಾಣುವುದಕ್ಕೆ ಇದೂ ಒಂದು ಕಾರಣ. ಕೆಲವೇ ವರ್ಷದಲ್ಲಿ ಜನಸಂಖ್ಯೆ ಹತ್ತು ಸಾವಿರ ದಾಟಿ, ಇಲಿನಾಯ್‌ನ ದೊಡ್ಡ ಊರುಗಳಲ್ಲಿ ಒಂದಾಯಿತು. 1844ರ ಜೂನ್ 27ರಂದು ಜೋಸೆಫ್ ಸ್ಮಿತ್ ಮತ್ತು ಅಣ್ಣ ಹೈರಮ್‌ರನ್ನು ಪಕ್ಕದ ಕಾರ್ತೇಜ್ ಊರಿನ ಜೈಲಿನಲ್ಲಿ ಗುಂಪೊಂದು ಕೊಂದಿತು. 1846ರ ಫೆಬ್ರವರಿಯಿಂದ ಜನ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟರು. ಗುಡ್ಡದ ಮೇಲೆ ಕಟ್ಟಿದ್ದ ದೇವಾಲಯಕ್ಕೆ 1848ರಲ್ಲಿ ಯಾರೋ ಬೆಂಕಿ ಇಟ್ಟರು. 1850ರ ಸುಂಟರಗಾಳಿಗೆ ಉಳಿದ ಗೋಡೆಗಳೂ ಬಿದ್ದವು. ಆಮೇಲೆ ಫ್ರಾನ್ಸಿನಿಂದ ಬಂದ, ಆಸ್ತಿಯನ್ನೆಲ್ಲ ಹಂಚಿಕೊಂಡು ಬದುಕುವ ಇಕೇರಿಯನ್ನರು ಎಂಬ ಪಂಗಡದವರು ಸ್ವಲ್ಪ ಕಾಲ ಇದ್ದರು. ಜರ್ಮನ್ನರು ಬಂದು ದ್ರಾಕ್ಷಿ ಬೆಳೆದರು. ಬಯಲಿನ ಮನೆಗಳು ಒಂದೊಂದಾಗಿ ಕುಸಿದವು.

ಮರುಕಟ್ಟುವ ಕೆಲಸ ಶುರುವಾದದ್ದು ಒಬ್ಬ ವೈದ್ಯರಿಂದ. ಸಾಲ್ಟ್ ಲೇಕ್ ಸಿಟಿಯ ಡಾ. ಜೆ. ಲೆರಾಯ್ ಕಿಂಬಾಲ್ 1954ರಲ್ಲಿ ತಮ್ಮ ಮುತ್ತಜ್ಜ ಹೀಬರ್ ಕಿಂಬಾಲ್ ಕಟ್ಟಿಸಿದ್ದ ಮನೆಯನ್ನು ಕೊಂಡು ದುರಸ್ತಿ ಮಾಡಿಸಿದರು. ನೋಡಲು ಜನ ಬರುವುದು ನಿಲ್ಲಲೇ ಇಲ್ಲ. 1962ರಲ್ಲಿ ನೌವೂ ರೆಸ್ಟೊರೇಷನ್ ಎಂಬ ಸಂಸ್ಥೆ ಹುಟ್ಟಿತು. ಪುರಾತತ್ವದವರು ಅಗೆದು ಅಡಿಪಾಯಗಳನ್ನು ಹುಡುಕಿದರು. ಮನೆಗಳು ಎದ್ದವು. ಸುಟ್ಟುಹೋದ ದೇವಾಲಯವನ್ನೂ ಅದೇ ರೂಪದಲ್ಲಿ ಮತ್ತೆ ಕಟ್ಟಿ 2002ರ ಜೂನ್ 27ರಂದು ತೆರೆದರು. ಇಷ್ಟೆಲ್ಲಕ್ಕೂ ಸುತ್ತ ನೆಲವಿದೆ, ನೆಲದಲ್ಲಿ ಹುಲ್ಲು ಬೆಳೆಯುತ್ತದೆ, ಯಾರಾದರೂ ಕತ್ತರಿಸಬೇಕು.

ಆ 'ಯಾರಾದರೂ' ಎಲ್ಲಿಂದ ಬರುತ್ತಾರೆ? ಮಾರ್ಮನ್ನರ ಮುಖ್ಯ ಚರ್ಚ್ ಆದ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಅಂದರೆ ನಮಗೆ ನೆನಪಾಗುವುದು ಬಿಳಿ ಅಂಗಿ, ಟೈ, ಹೆಸರಿನ ಬಿಲ್ಲೆ ಹಾಕಿ ಧರ್ಮ ಬೋಧಿಸಲು ಓಡಾಡುವ ಇಬ್ಬಿಬ್ಬರು ಹುಡುಗರು. ಆ ಪಂಥದಲ್ಲಿ ಹಿರಿಯರಿಗೂ ಇದೇ ಥರದ ಸೇವೆ ಇದೆ. ಮನೆಯಲ್ಲಿ ಚಿಕ್ಕ ಮಕ್ಕಳ ಜವಾಬ್ದಾರಿ ಮುಗಿದ ದಂಪತಿ 6, 12, 18 ಅಥವಾ 23 ತಿಂಗಳಿಗೆ ಅಂತ ಹೋಗಬಹುದು. ಎಲ್ಲರೂ ಧರ್ಮ ಬೋಧಿಸಲೇಬೇಕು ಅಂತಿಲ್ಲ. ಕಚೇರಿ ನೋಡಿಕೊಳ್ಳುವವರಿದ್ದಾರೆ, ಹಳೆಯ ದಾಖಲೆ ಸ್ಕ್ಯಾನ್ ಮಾಡುವವರಿದ್ದಾರೆ, ನೀರು-ಆರೋಗ್ಯದ ಕೆಲಸಕ್ಕೆ ಹೊರದೇಶಕ್ಕೆ ಹೋಗುವವರಿದ್ದಾರೆ. 1993ರಿಂದ ಬೆಂಗಳೂರಿನಲ್ಲೂ ಇವರ ಮಿಷನ್ ಕೇಂದ್ರವಿದೆ. ಅಲ್ಲಿಗೂ ಇಂಥ ಹಿರಿಯ ಜೋಡಿಗಳು ಬರುತ್ತಾರೆ. ನೌವೂ ಥರದ ಐತಿಹಾಸಿಕ ಜಾಗಗಳಲ್ಲಿ ಒಂದು ಪಾಲು ಜನಕ್ಕೆ ಸಿಗುವುದು ಕಟ್ಟಡ ಮತ್ತು ತೋಟದ ಕೆಲಸ.

ನಾನು ಹೇಳುತ್ತಿರುವ ಇಬ್ಬರೂ ಐಡಹೋ ರಾಜ್ಯದವರು. ಆತ ಹಸು ಸಾಕಿ ಹಾಲು ಮಾರಿ ಬದುಕಿದವರು. ಆಕೆ ಪ್ರಾಥಮಿಕ ಶಾಲೆಯ ಟೀಚರ್. ಮೊಮ್ಮಕ್ಕಳಿದ್ದಾರೆ. ನಾನಿರುವುದು ನದಿಯ ಆಚೆ, ಅಯೋವಾದಲ್ಲಿ. ನೌವೂಗೆ ಹೋದಾಗಲೆಲ್ಲ ಪಾತಿಯ ಹತ್ತಿರ ಮಾತಾಡಿ ಮಾತಾಡಿ ಸ್ನೇಹವಾಯಿತು. ಹೆಸರು ಬರೆಯುವುದು ಬೇಡ ಅಂದರು, ಬರೆಯುತ್ತಿಲ್ಲ. ಅಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಎಲ್ಡರ್, ಸಿಸ್ಟರ್ ಅಂತ.

ಅವರು ಬಂದದ್ದು ಏಪ್ರಿಲ್ ತಿಂಗಳಲ್ಲಿ. ಮರುವರ್ಷದ ಅಕ್ಟೋಬರ್‌ಗೆ ಸೇವೆ ಮುಗಿಯುತ್ತದೆ. ಅಂದರೆ ಎರಡು ಬೇಸಿಗೆ, ನಡುವೆ ಒಂದು ಚಳಿಗಾಲ. ಈ ಲೆಕ್ಕ ಮುಖ್ಯ, ಆಮೇಲೆ ಹೇಳುತ್ತೇನೆ.

ಆತನಿಗೆ ಮಂಡಿ ನೋವು. ಮಂಡಿ ನೋವಿದ್ದವರನ್ನು ಹುಲ್ಲು ಕತ್ತರಿಸುವ ಮೋವರ್ ಮೇಲೆ ಕೂರಿಸುವುದೇ ಸುಲಭ ಅಂತ ಎಲ್ಲರೂ ಅಂದುಕೊಂಡರು. ಆದರೆ ಆ ಯಂತ್ರದ ಕುಲುಕಾಟವೇ ಅವರಿಗೆ ಆಗದು. ಹಾಗಾಗಿ ಮೋವರ್ ಓಡಿಸಿದ್ದು ಆಕೆ. ಆತ ಒಂದು ಗಿಡ್ಡ ಸ್ಟೂಲ್ ಹಾಕಿಕೊಂಡು ಪಾತಿಯ ಪಕ್ಕ ಕೂತು ಕಳೆ ಕೀಳುತ್ತಿದ್ದರು. ನಲವತ್ತು ವರ್ಷ ಹಸುವಿನ ಪಕ್ಕ ಸ್ಟೂಲ್ ಮೇಲೆ ಕೂತವನಿಗೆ ಇದೇನು ಹೊಸದಲ್ಲ ಅನ್ನುತ್ತಿದ್ದರು.

ಅಲ್ಲಿಯ ತೋಟದ ವರ್ಷ ನಮ್ಮ ಕಡೆಯ ಹಾಗಲ್ಲ. ಮೇ ತಿಂಗಳ ಮೊದಲ ವಾರದವರೆಗೂ ಇಬ್ಬನಿ ಹೆಪ್ಪುಗಟ್ಟುವ ಭಯ. ಆದ್ದರಿಂದ ಚೆಂಡುಹೂ, ಪೆಟೂನಿಯಾ, ಜಿನಿಯಾ ಸಸಿಗಳು ನೆಲಕ್ಕೆ ಬೀಳುವುದು ಮೇ ನಡುವಿನಲ್ಲಿ. ಅಕ್ಟೋಬರ್ ನಡುವಿಗೆ ಮತ್ತೆ ಹಿಮದ ಕೊರೆತ. ಐದೇ ತಿಂಗಳಲ್ಲಿ ಎಲ್ಲ ಆಗಬೇಕು. ಜುಲೈನಲ್ಲಿ 35 ಡಿಗ್ರಿ ಸೆಲ್ಸಿಯಸ್, ಮೇಲೆ ನದಿಯ ಸೆಕೆ. ಬೆಳಗ್ಗೆ ಬೇಗ ಶುರು ಮಾಡಿ ಮಧ್ಯಾಹ್ನಕ್ಕೆ ನಿಲ್ಲಿಸುತ್ತಾರೆ. ಜೂನ್ ಕೊನೆಗೆ ಜಪಾನಿ ದುಂಬಿ ಬಂದು ಗುಲಾಬಿ ಮತ್ತು ದ್ರಾಕ್ಷಿ ಎಲೆಯನ್ನು ಬಲೆಯ ಹಾಗೆ ತಿಂದುಹಾಕುತ್ತದೆ. ಬೆಳಗಿನ ತಂಪಿನಲ್ಲಿ ಅದು ಮಂಕಾಗಿರುತ್ತದೆ. ಆಗ ಸೋಪಿನ ನೀರಿನ ಬಕೆಟ್ ಹಿಡಿದು ಎಲೆಯನ್ನು ತಟ್ಟಿದರೆ ಸುಮ್ನೆ ಅದರೊಳಗೆ ಬೀಳುತ್ತದೆ. ಜಿಂಕೆಗಳಿಗೆ ಟ್ಯೂಲಿಪ್ ಎಂದರೆ ಪ್ರಾಣ. ಡ್ಯಾಫೊಡಿಲ್ ಗೆಡ್ಡೆಯಲ್ಲಿ ವಿಷವಿರುವುದರಿಂದ ಅದನ್ನು ಮುಟ್ಟುವುದಿಲ್ಲ. ಇಂಥದ್ದೆಲ್ಲ ಪುಸ್ತಕ ಓದಿ ಕಲಿತದ್ದಕ್ಕಿಂತ ಪಕ್ಕದ ಜೋಡಿಯಿಂದ ಕಲಿತದ್ದೇ ಜಾಸ್ತಿ.

ಈಗ ಆ ಪಾತಿ. ಬಯಲಿನ ತಗ್ಗಿನಲ್ಲಿ, ಒಂದು ಬೇಲಿಯ ಉದ್ದಕ್ಕೆ ಇರುವ ಪಾತಿ ಅದು. ಮೇ ತಿಂಗಳಲ್ಲಿ ಸಸಿ ನೆಟ್ಟರು. ಎರಡು ವಾರ ಚೆನ್ನಾಗಿತ್ತು. ಜೂನ್‌ನಲ್ಲಿ ಎಲೆ ಬಾಡತೊಡಗಿತು. ಬಾಡಿದ ಗಿಡ ಕಂಡರೆ ಯಾರಾದರೂ ಏನು ಮಾಡುತ್ತಾರೆ? ನೀರು ಹಾಕುತ್ತಾರೆ. ಇವರೂ ಹಾಕಿದರು. ಇನ್ನೂ ಬಾಡಿತು. ಇನ್ನೂ ಹಾಕಿದರು. ಹಿಂದಿನ ಜೋಡಿಯಿಂದ ಬಂದ ಮಾತೂ ಹಾಗೇ ಇತ್ತು: ಈ ಪಾತಿ ತುಂಬಾ ನೀರು ಕುಡಿಯುತ್ತದೆ. ಜುಲೈ ಹೊತ್ತಿಗೆ ಅರ್ಧ ಗಿಡ ಹೋಯಿತು. ಮತ್ತೆ ಸಸಿ ತಂದು ತುಂಬಿದರು. ಅವೂ ನಿಲ್ಲಲಿಲ್ಲ.

ಆಗಸ್ಟ್‌ನಲ್ಲಿ ಆತ ಸತ್ತ ಒಂದು ಗಿಡವನ್ನು ಬೇರುಸಹಿತ ಕಿತ್ತು ಮೂಸಿ ನೋಡಿದರು. ಕೊಳೆತ ವಾಸನೆ. ಬೇರು ಬಿಳಿ ಇರಬೇಕಾದಲ್ಲಿ ಕಂದು ಬಣ್ಣ, ಮುಟ್ಟಿದರೆ ಕೈಗೆ ಬರುತ್ತಿತ್ತು. ಗಿಡಕ್ಕೆ ಬಾಯಾರಿಕೆ ಆಗಿರಲಿಲ್ಲ, ಉಸಿರು ಕಟ್ಟಿತ್ತು. ಮಣ್ಣಿನಲ್ಲಿ ನೀರು ತುಂಬಿದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಬೇರು ಸತ್ತರೆ ಮೇಲಕ್ಕೆ ನೀರು ಹೋಗುವುದಿಲ್ಲ. ಆಗ ಎಲೆ ಬಾಡುತ್ತದೆ, ನೋಡಿದವರಿಗೆ ಥೇಟ್ ಒಣಗಿದ ಹಾಗೇ ಕಾಣುತ್ತದೆ.

ಮುಂದಿನ ಹೆಜ್ಜೆ ಸರಳ ಪರೀಕ್ಷೆ. ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಇಳಿದ ಮೇಲೆ ಮತ್ತೆ ತುಂಬಿ, ಎಷ್ಟು ಹೊತ್ತಿಗೆ ಇಳಿಯುತ್ತದೆ ನೋಡುವುದು. ಒಳ್ಳೆಯ ತೋಟದ ಮಣ್ಣಲ್ಲಿ ಗಂಟೆಗೆ ಒಂದೆರಡು ಅಂಗುಲ ಇಳಿಯುತ್ತದೆ. ಇಲ್ಲಿ ಮರುದಿನ ಬೆಳಗ್ಗೆಯೂ ನೀರಿತ್ತು. ಮೇಲೆ ಒಂದು ಪದರ ಚೆನ್ನಾದ ಕಪ್ಪು ಮಣ್ಣು, ಕೆಳಗೆ ಅಂಟು ಜೇಡಿ. ಅಂದರೆ ಮಣ್ಣಿನ ಪಾತ್ರೆಯಲ್ಲಿ ಗಿಡ ನೆಟ್ಟಂತೆ, ತಳದಲ್ಲಿ ತೂತಿಲ್ಲ.

1839ರಲ್ಲಿ ಬಂದವರು ಬಸಿಯಲು ಹೆಣಗಾಡಿದ ಅದೇ ಬಯಲು ಇದು. ಮೇಲಿನ ಹುಲ್ಲುಹಾಸು ನೋಡಿದರೆ ಜೌಗಿನ ಗುರುತೇ ಸಿಗುವುದಿಲ್ಲ. ಒಂದು ಅಡಿ ಕೆಳಗೆ ಹೋದರೆ ಸಿಗುತ್ತದೆ. ನನಗೆ ಈ ಪ್ರಕರಣದಲ್ಲಿ ತುಂಬಾ ಹಿಡಿಸಿದ್ದು ಇದೇ. ಮನೆಯೊಳಗೆ ಗೈಡ್ ಹೇಳುವ ಇತಿಹಾಸವನ್ನು ಆ ಮನುಷ್ಯ ಗುದ್ದಲಿಯಿಂದ ಕಂಡುಕೊಂಡರು.

ಹಾಗಾದರೆ ಆಳಕ್ಕೆ ಅಗೆದು ಕೊಳವೆ ಹಾಕಿ ನೀರು ಬಸಿದರಾಯಿತು, ಅಲ್ವಾ? ಮನೆಯ ಹಿತ್ತಲಾದರೆ ಹೌದು. ಐತಿಹಾಸಿಕ ನೆಲದಲ್ಲಿ ಹಾಗಲ್ಲ. ಕೆಳಗೆ ಹಳೆಯ ಅಡಿಪಾಯ, ಬಾವಿ, ಒಡೆದ ಪಿಂಗಾಣಿ, ಮೊಳೆ ಏನು ಬೇಕಾದರೂ ಇರಬಹುದು. ಒಮ್ಮೆ ಕದಡಿದರೆ ಆ ಪದರಗಳ ಮಾಹಿತಿ ಹೋದಂತೆಯೇ. ಗಿಡ ನೆಡುವ ಆಳಕ್ಕಿಂತ ಕೆಳಗೆ ಹೋಗಬೇಕಾದರೆ ಅನುಮತಿ ಬೇಕು, ತಿಳಿದವರು ನೋಡಬೇಕು. ಆತನಿಗೆ ಮೊದಲು ಇದು ಬೇಸರ ತಂದಿತು. ಹೊಲದಲ್ಲಿ ಬೆಳೆದವರಿಗೆ ನೀರು ನಿಂತರೆ ಕಾಲುವೆ ತೋಡುವುದು ಅಭ್ಯಾಸ. ಆದರೆ ನನ್ನ ಪ್ರಕಾರ ಆ ಕಟ್ಟುನಿಟ್ಟು ಸರಿ. ಇವತ್ತಿನ ಒಂದು ಸಾಲು ಪೆಟೂನಿಯಾಗೋಸ್ಕರ 180 ವರ್ಷದ ಮಣ್ಣನ್ನು ಕೆದಕಬಾರದು.

ಚಳಿಗಾಲ ಬಂತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೋಟದಲ್ಲಿ ಕೆಲಸ ಕಡಿಮೆ. ಹಿಮ ಎತ್ತುವುದು, ಮೋವರ್ ಬಿಚ್ಚಿ ರಿಪೇರಿ, ಗುದ್ದಲಿ-ಕತ್ತರಿಗೆ ಸಾಣೆ, ಬೇಲಿಯ ಹಲಗೆಗೆ ಬಣ್ಣ. ಭಾನುವಾರ ಸಂಜೆ ಮೊಮ್ಮಕ್ಕಳ ಜೊತೆ ವಿಡಿಯೋ ಕರೆ. ಬಿಡುವಾದಾಗ ಹತ್ತು-ಹನ್ನೆರಡು ಮೈಲಿ ಕೆಳಗಿನ ಕಿಯೋಕಕ್ ಅಣೆಕಟ್ಟಿಗೆ ಹೋಗಿ ಬೋಳು ಹದ್ದುಗಳನ್ನು ನೋಡುತ್ತಿದ್ದರು. ಅಣೆಕಟ್ಟಿನ ಕೆಳಗೆ ನೀರು ಹೆಪ್ಪುಗಟ್ಟದೆ ಇರುವುದರಿಂದ ಮೀನು ಹಿಡಿಯಲು ಹದ್ದುಗಳು ಗುಂಪಾಗಿ ಬರುತ್ತವೆ. 1913ರಲ್ಲಿ ಮುಗಿದ ಆ ಅಣೆಕಟ್ಟೇ ನೌವೂ ಮುಂದಿನ ನದಿಯನ್ನು ಇಷ್ಟು ಅಗಲ ಮಾಡಿದ್ದು. ಅದಕ್ಕೂ ಮುಂಚೆ ಅಲ್ಲಿ ದೋಣಿಗಳಿಗೆ ಕಷ್ಟ ಕೊಡುತ್ತಿದ್ದ ಕಲ್ಲುಬಂಡೆಯ ರಭಸದ ನೀರಿತ್ತು.

ಇದೇ ಚಳಿಗಾಲದಲ್ಲಿ ಯೋಜನೆ ಮೂಡಿತು. ನೆಲ ಬದಲಾಯಿಸಲು ಆಗದಿದ್ದರೆ ಗಿಡ ಬದಲಾಯಿಸೋಣ ಅಂದದ್ದು ಆಕೆ. ತೇವ ಬಯಸುವ ಆ ಪ್ರದೇಶದ್ದೇ ಗಿಡಗಳ ಪಟ್ಟಿ ಮಾಡಿದರು. ನೀಲಿ ಐರಿಸ್. ಕೆಂಪು ಕಾರ್ಡಿನಲ್ ಹೂ. ಜೌಗು ಮಿಲ್ಕ್‌ವೀಡ್. ಈ ಮಿಲ್ಕ್‌ವೀಡ್ ನಮ್ಮ ಎಕ್ಕದ ಕುಟುಂಬದ್ದೇ. ಮುರಿದರೆ ಹಾಲು ಬರುತ್ತದೆ. ಮೊನಾರ್ಕ್ ಚಿಟ್ಟೆಯ ಹುಳ ತಿನ್ನುವುದು ಈ ಜಾತಿಯ ಎಲೆ ಮಾತ್ರ. ಕಾರ್ಡಿನಲ್ ಹೂವಿಗೆ ಹಳೆಯ ನೌವೂ ಜೊತೆ ಒಂದು ನಂಟಿದೆ. ಅದು ಲೊಬೀಲಿಯಾ ಜಾತಿಯದು. ಇದರ ಹತ್ತಿರದ ಇನ್ನೊಂದು ಲೊಬೀಲಿಯಾವನ್ನು ಆ ಕಾಲದ ನಾಟಿ ವೈದ್ಯರು ವಾಂತಿ ಮಾಡಿಸಲು ಕೊಡುತ್ತಿದ್ದರು. ಸ್ಯಾಮ್ಯುಯೆಲ್ ಥಾಮ್ಸನ್ ಅನ್ನುವವರು ಹಬ್ಬಿಸಿದ ಈ ಗಿಡಮೂಲಿಕೆ ಪದ್ಧತಿಯನ್ನು ಕಲಿತ ವಿಲರ್ಡ್ ರಿಚರ್ಡ್ಸ್ ನೌವೂನಲ್ಲೇ ಇದ್ದರು. ಕಾರ್ತೇಜ್ ಜೈಲಿನ ದಾಳಿಯಲ್ಲಿ ಬದುಕುಳಿದ ಇಬ್ಬರಲ್ಲಿ ಅವರೊಬ್ಬರು.

ಯೋಜನೆಯನ್ನು ಮೇಲ್ವಿಚಾರಕರ ಮುಂದಿಟ್ಟರು. ಮೊದಲ ಪ್ರತಿಕ್ರಿಯೆ ಉತ್ಸಾಹದ್ದಲ್ಲ. ಯಾತ್ರಿಕರು ಬರುವುದು ಜೂನ್, ಜುಲೈನಲ್ಲಿ. ಅವರಿಗೆ ಬಣ್ಣ ಬೇಕು. ಕಾಡುಗಿಡ ನೆಟ್ಟರೆ ನೋಡಿಕೊಳ್ಳದೆ ಬಿಟ್ಟ ಪಾತಿಯ ಹಾಗೆ ಕಾಣುತ್ತದೆ ಅನ್ನುವ ಆತಂಕ. ಅದು ಸುಳ್ಳಲ್ಲ. ಕೊನೆಗೆ ಮೂರನೇ ಎರಡು ಭಾಗ ಹೊಸ ಗಿಡ, ದಾರಿಯ ಕಡೆಯ ಅಂಚನ್ನು ಕಾಂಪೋಸ್ಟ್ ಹಾಕಿ ಅರ್ಧ ಅಡಿ ಎತ್ತರಿಸಿ ಅಲ್ಲಿ ಚೆಂಡುಹೂ, ಹೀಗೆ ಒಪ್ಪಂದವಾಯಿತು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇವತ್ತಿನ ನೌವೂ, 1840ರ ನೌವೂಗಿಂತ ಎಷ್ಟೋ ಸುಂದರ. ಆಗ ಅಲ್ಲಿ ಇಂಥ ಹುಲ್ಲುಹಾಸು ಇರಲಿಲ್ಲ. ಕೆಸರಿತ್ತು, ಬೇಲಿ ಹಾರುವ ಹಂದಿಗಳಿದ್ದವು, ಆಲೂಗಡ್ಡೆ, ಕೋಸು, ಕುಂಬಳ, ಮುಸುಕಿನ ಜೋಳದ ಸಾಲುಗಳಿದ್ದವು. ಹೂವಿನ ಪಾತಿ ಕಣ್ಣಿಗೆ ಹಬ್ಬ ನಿಜ. ಆದರೆ ಹಸಿದ ಜನ ಒಂದು ಎಕರೆಯಲ್ಲಿ ಹೇಗೆ ಬದುಕಿದರು ಅನ್ನುವುದನ್ನು ತರಕಾರಿ ಸಾಲು ಹೇಳುವಷ್ಟು ಪೆಟೂನಿಯಾ ಹೇಳುವುದಿಲ್ಲ. ಅಷ್ಟೇ ಅಲ್ಲ. ಮಾರ್ಮನ್ನರಿಗಿಂತ ಮುಂಚೆ ನದಿಯ ಈ ತಿರುವಿನಲ್ಲಿ ಸಾಕ್ ಎಂಬ ಮೂಲನಿವಾಸಿ ಜನರ ಹಳ್ಳಿಯಿತ್ತು. ಕ್ವಾಷ್ಕ್ವಾಮೆ ಅವರ ಮುಖಂಡ. ಸಾಕ್ ಹೆಂಗಸರು ಇದೇ ನದಿ ದಂಡೆಗಳಲ್ಲಿ ಜೋಳ, ಬೀನ್ಸ್, ಕುಂಬಳ ಬೆಳೆದಿದ್ದರು. ಅವರನ್ನೂ ಈ ನೆಲದಿಂದ ಹೊರಗೆ ಕಳಿಸಿದ್ದೇ. ಓಡಿಸಲ್ಪಟ್ಟವರ ನೆನಪಿಗೆ ಇಷ್ಟು ಪ್ರೀತಿಯಿಂದ ತೋಟ ಮಾಡುವ ಊರಿನಲ್ಲಿ ಅವರಿಗೂ ಒಂದು ಸಾಲು ಇರಬೇಕು ಅಂತ ನಾನು ಆ ದಂಪತಿಗೆ ಹೇಳಿದೆ. ಆಕೆ ಒಪ್ಪಿದರು. ಆತ ಸ್ವಲ್ಪ ಹೊತ್ತು ಯೋಚಿಸಿ, ಅದು ನಮ್ಮ ಕೈಯಲ್ಲಿಲ್ಲ, ಆದರೆ ಕೇಳಿ ನೋಡಬಹುದು ಅಂದರು.

ಮಿಲ್ಕ್‌ವೀಡ್ ಬೀಜಕ್ಕೆ ಚಳಿ ತಾಕದೆ ಮೊಳಕೆ ಒಡೆಯುವುದಿಲ್ಲ. ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಜ್‌ನಲ್ಲಿ ಒಂದು ತಿಂಗಳಿಗೂ ಜಾಸ್ತಿ ಇಟ್ಟರು. ಕಾರ್ಡಿನಲ್ ಮತ್ತು ಐರಿಸ್ ಬೆಳೆದ ಗಿಡಗಳನ್ನೇ ನರ್ಸರಿಯಿಂದ ತಂದರು. ಮೇ ತಿಂಗಳಲ್ಲಿ ನೆಟ್ಟರು. ಸ್ಪ್ರಿಂಕ್ಲರ್‌ನ ಆ ಒಂದು ತಲೆಯನ್ನು ಮುಚ್ಚಿಸಿದರು. ಜೂನ್‌ನಲ್ಲಿ ಜೋರು ಮಳೆ ಬಂದು ಎರಡು ದಿನ ನೀರು ನಿಂತಿತು. ಯಾವುದೂ ಬಾಡಲಿಲ್ಲ. ಆಗಸ್ಟ್‌ನಲ್ಲಿ ಕಾರ್ಡಿನಲ್ ಕೆಂಪಗೆ ಅರಳಿತು. ಆ ಕೆಂಪಿಗೆ ಝೇಂಕಾರದ ಹಕ್ಕಿಗಳು, ಅಂದರೆ ಹಮ್ಮಿಂಗ್‌ಬರ್ಡ್‌ಗಳು ಬಂದವು. ಯಾತ್ರಿಕರು ಗೈಡ್‌ಗಳನ್ನು ಬಿಟ್ಟು ಬೇಲಿ ಹತ್ತಿರ ನಿಲ್ಲತೊಡಗಿದರು. ಮೇಲ್ವಿಚಾರಕರ ಆತಂಕಕ್ಕೆ ಅದಕ್ಕಿಂತ ಬೇರೆ ಉತ್ತರ ಬೇಕಾಗಲಿಲ್ಲ. ಮಿಲ್ಕ್‌ವೀಡ್ ಮಾತ್ರ ಆ ವರ್ಷ ಮೊಣಕಾಲುದ್ದ ಬೆಳೆದು ನಿಂತಿತು, ಹೂ ಬಿಡಲಿಲ್ಲ. ಬೀಜದಿಂದ ಬಂದದ್ದು ಸಾಮಾನ್ಯವಾಗಿ ಎರಡನೇ ವರ್ಷಕ್ಕೇ ಹೂ ಬಿಡುವುದು.

ಈಗ ಆ ಎರಡು ಬೇಸಿಗೆಯ ಲೆಕ್ಕಕ್ಕೆ ಬರೋಣ. ತಪ್ಪು ಕಾಣಿಸಲು ಒಂದು ಬೇಸಿಗೆ ಬೇಕು. ತಿದ್ದಲು ಇನ್ನೊಂದು ಬೇಕು. 6 ತಿಂಗಳಿಗೆ ಬಂದವರಿಗೆ ಒಂದೇ ಬೇಸಿಗೆ ಸಿಗುತ್ತದೆ. ಅವರು ಗಿಡ ಸತ್ತದ್ದನ್ನು ನೋಡಿ ಹೋಗುತ್ತಾರೆ. ಮುಂದೆ ಬಂದವರು ಅದೇ ಜಾಗದಲ್ಲಿ ಅದೇ ಗಿಡ ನೆಡುತ್ತಾರೆ. ಯಾರಲ್ಲೂ ಶ್ರದ್ಧೆ ಕಡಿಮೆ ಇಲ್ಲ, ಕೈಯಲ್ಲಿರುವ ಕಾಲ ಕಡಿಮೆ. ತೋಟದ ಕೆಲಸಕ್ಕೆ ಹಿರಿಯ ಜೋಡಿಗಳನ್ನು ಕರೆಯುವ ಯಾವುದೇ ಸಂಸ್ಥೆ, ಕೆಲವರಿಗಾದರೂ ಎರಡು ಬೇಸಿಗೆ ಸಿಗುವ ಹಾಗೆ ನೋಡಿಕೊಳ್ಳಬೇಕು. ಹಳಬರೂ ಹೊಸಬರೂ ಒಂದೆರಡು ವಾರವಾದರೂ ಒಟ್ಟಿಗೆ ಪಾತಿಯ ಮುಂದೆ ನಿಲ್ಲಬೇಕು. ಈ ಇಬ್ಬರು ತಮ್ಮ ಕೊನೆಯ ವಾರಗಳಲ್ಲಿ ಅದನ್ನೇ ಮಾಡಿದರು. ಹೊಸ ಜೋಡಿಯಿಂದಲೇ ಗುಂಡಿ ತೋಡಿಸಿ, ನೀರು ತುಂಬಿಸಿ, ಮರುದಿನ ತೋರಿಸಿದರು. ಆಕೆ ಟೀಚರ್ ಅಲ್ವಾ, ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಪಾತಿಯ ನಕ್ಷೆ, ಗಿಡದ ಹೆಸರು, 'ಬಾಡಿದರೆ ಮೊದಲು ಬೇರು ನೋಡಿ' ಅನ್ನುವ ಸೂಚನೆ ಬರೆದು ಸಾಮಾನಿನ ಕೋಣೆಯ ಗೋಡೆಗೆ ಅಂಟಿಸಿದರು.

ಮೈಯ ಮೇಲೆ ಬಿದ್ದ ಖರ್ಚೂ ಹೇಳಬೇಕು. ಆತನ ಮಂಡಿ ಇನ್ನಷ್ಟು ಕೆಟ್ಟಿತು. ಆಕೆಗೆ ಒಂದು ಸಲ ಸೆಕೆಯಲ್ಲಿ ತಲೆ ಸುತ್ತಿ ಬಿದ್ದು, ನದಿಯ ಆಚೆ ದಡದ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು. ಊರಲ್ಲಿ ಒಂದು ಮೊಮ್ಮಗು ಹುಟ್ಟಿದಾಗ ಇವರು ಇಲ್ಲಿದ್ದರು. ಸೇವೆ ಅಂದರೆ ಸಂತೋಷ ಮಾತ್ರ ಅಂತ ತೋರಿಸುವ ಫೋಟೊಗಳಲ್ಲಿ ಇದು ಇರುವುದಿಲ್ಲ. ಇಬ್ಬರೂ ದೂರು ಹೇಳಲಿಲ್ಲ. ಆದರೆ ಕೇಳಿದರೆ ಮುಚ್ಚಿಡಲೂ ಇಲ್ಲ.

ಕೆಲಸ ಮುಂದೆ ಕಡಿಮೆಯಾಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಈ ಚರ್ಚ್, ಕಮ್ಯುನಿಟಿ ಆಫ್ ಕ್ರೈಸ್ಟ್ ಎಂಬ ಇನ್ನೊಂದು ಶಾಖೆಯಿಂದ ಓಹಾಯೋದ ಕರ್ಟ್‌ಲಂಡ್ ದೇವಾಲಯ, ನೌವೂನಲ್ಲಿ ಜೋಸೆಫ್ ಸ್ಮಿತ್ ಇದ್ದ ಮನೆಗಳು ಎಲ್ಲ ಸೇರಿ 19.25 ಕೋಟಿ ಡಾಲರಿಗೆ ಕೊಂಡಿತು. ನದಿಯ ದಡದ ಆ ಮನೆಗಳ ಸುತ್ತಲೂ ನೆಲವಿದೆ. ಬೆಂಗಳೂರಿನಲ್ಲಿ ಇವರ ದೇವಾಲಯಕ್ಕೆ 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆ ಆಯಿತು. ಅಂಥ ದೇವಾಲಯಗಳ ಸುತ್ತಲೂ ತೋಟ ಇರುವುದು ವಾಡಿಕೆ. ಅದರ ಮಣ್ಣೂ ನೀರೂ ಬೇರೆ, ಪಾಠ ಮಾತ್ರ ಹೀಗೇ ಬೇರಿನಿಂದ ಶುರುವಾಗಬಹುದು.

ದಂಪತಿ ಐಡಹೋಗೆ ವಾಪಸಾದ ಮೇಲಿನ ಬೇಸಿಗೆಯಲ್ಲಿ ನಾನು ಹೋಗಿದ್ದೆ. ಹೊಸ ಜೋಡಿ ಐರಿಸ್ ಅನ್ನು ಸ್ವಲ್ಪ ಕಡಿಮೆ ಮಾಡಿದ್ದರು, ಚೆಂಡುಹೂವಿನ ಅಂಚನ್ನು ಉದ್ದ ಮಾಡಿದ್ದರು. ಮಿಲ್ಕ್‌ವೀಡ್ ಹೂ ಬಿಟ್ಟಿತ್ತು. ಎಲೆಗಳಲ್ಲಿ ಹಳದಿ-ಕಪ್ಪು-ಬಿಳಿ ಪಟ್ಟೆಯ ಹುಳಗಳಿದ್ದವು. ಕೀಟ ಅಂತ ಕಿತ್ತುಹಾಕದೆ ಬಿಟ್ಟಿದ್ದರು, ಗೋಡೆಯ ಕಾಗದದಲ್ಲಿ ಅದೂ ಬರೆದಿತ್ತಂತೆ. ತರಕಾರಿ ಸಾಲಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ನದಿಗೆ ಇನ್ನೂ ಹತ್ತಿರದ ಎರಡು ಪಾತಿಗಳಲ್ಲಿ ಜೂನ್‌ನಲ್ಲಿ ಗಿಡ ಬಾಡುತ್ತಲೇ ಇದೆ. ಹೊಸ ಜೋಡಿ ಅಲ್ಲಿಯೂ ಗುಂಡಿ ತೋಡಿ ನೀರು ತುಂಬಿ ನೋಡಿದ್ದಾರೆ. ಬರುವ ವಸಂತಕ್ಕೆ ಏನು ನೆಡಬೇಕು ಅಂತ ಪಟ್ಟಿ ಮಾಡುತ್ತಿದ್ದಾರೆ.